ಎರಡು ಬಾವಿಯ ಮನೆ

ಹರಳೆಣ್ಣೆ ದೀಪದ ವಾಸನೆ ನನಗೆ ಆಗುವುದಿಲ್ಲ. ವಯಸ್ಸಾಯಿತು, ಮೂಗು ಮುಕ್ಕಾಲುಪಾಲು ಸತ್ತಿದೆ, ಸಾರಿಗೆ ಒಗ್ಗರಣೆ ಹಾಕಿದ್ದೂ ತಿಳಿಯುವುದಿಲ್ಲ. ಆದರೆ ಈ ಒಂದು ವಾಸನೆ ಮಾತ್ರ ಬೀದಿಯಿಂದಲೇ ಮೂಗಿಗೆ ಹತ್ತುತ್ತದೆ. ಹೋದ ಮಾರ್ನಮಿಯ ಹಿರಿಯರ ಹಬ್ಬಕ್ಕೆ ಹಳೇಕೋಟೆಯ ಒಂದು ಮನೆಗೆ ಹೋಗಬೇಕಾಯಿತು. ನನ್ನ ಮಗಳ ನಾದಿನಿಯನ್ನು ಆ ಮನೆಗೆ ಕೊಟ್ಟಿದ್ದಾರೆ. ಬೀಗರ ಕಡೆಯವರು ಕರೆದರೆ ಬರುವುದಿಲ್ಲ ಅನ್ನಲಾದೀತೇ? ನಡುಮನೆಗೆ ಕಾಲಿಟ್ಟೆ. ಸತ್ತ ಹಿರಿಯರಿಗೆಂದು ಬಡಿಸಿಟ್ಟ ಎಡೆಯ ಮುಂದೆ ಹರಳೆಣ್ಣೆ ದೀಪ ಉರಿಯುತ್ತಿತ್ತು. ಅಷ್ಟೇ. ಆ ಒಂದು ಮಳೆಗಾಲ, ಆ ನೋಟುಬುಕ್ಕು, ಅದರ ಹಿಂದಿನ ಹಾಳೆಗಳಲ್ಲಿ ನಾಲ್ಕೂರಿನ ಜನ ಕಕ್ಕಿದ್ದು, ಎಲ್ಲಾ ಒಟ್ಟಿಗೆ ಎದ್ದು ಬಂತು.

ಯುದ್ಧದ ಕಾಲ ಅದು. ಸೀಮೆಎಣ್ಣೆಗೆ ಚೀಟಿ, ಕಾಗದಕ್ಕೆ ಬರ, ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಹೊಗೆಯಲ್ಲಿ ಓಡುತ್ತಿದ್ದವು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ನಾವು ಮೂವರು: ಕಣ್ಣು ಮಂಜಾದ ಅವ್ವ, ನಾನು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ ಜಯಮ್ಮ. ನನಗೆ ಇಪ್ಪತ್ತೊಂದು. ಅಪ್ಪ ಇರಲಿಲ್ಲ. ಇಪ್ಪತ್ಮೂರು ತುಂಬಿದ ಹೆಣ್ಣನ್ನು ಮನೆಯಲ್ಲಿಟ್ಟುಕೊಂಡಿದ್ದಾರೆ ಎಂದು ಕೇರಿಯಲ್ಲಿ ಆಗಲೇ ಗುಸುಗುಸು ಇತ್ತು. ಅಂತೂ ಆ ಆಷಾಢಕ್ಕೆ ಮುಂಚೆ ಹಳೇಕೋಟೆಯ ಮರೀಗೌಡರ ಮಗ ನಂಜೇಗೌಡನಿಗೆ ಅಕ್ಕನನ್ನು ಕೊಡುವ ಮಾತಾಗಿತ್ತು. ಹಿರಿಯರ ಹಬ್ಬ ಕಳೆದು ದೀಪಾವಳಿ ಆದಮೇಲೆ ಮದುವೆ. ಅವ್ವ ಅಂದಿನಿಂದ ಕಣ್ಣು ಕಾಣದಿದ್ದರೂ ಅಕ್ಕಿ ಆರಿಸಲು ಕೂತಿದ್ದಳು.

ನನಗೆ ಕೆಲಸವಿರಲಿಲ್ಲ, ಅಕ್ಷರವಿತ್ತು. ನನ್ನ ಅಕ್ಷರ ಪುರಕ್ಕೆಲ್ಲ ಗೊತ್ತು. ಮದುವೆಯ ಲಗ್ನಪತ್ರಿಕೆಯಿಂದ ಹಿಡಿದು ಜವಳಿ ಅಂಗಡಿಯ ಬೋರ್ಡಿನವರೆಗೆ ನಾನೇ ಬರೆಯುತ್ತಿದ್ದೆ. ಆ ಜವಳಿ ಅಂಗಡಿಯ ಮಹಡಿಯ ಮೇಲೆ ಚನ್ನಬಸಪ್ಪನವರು ಒಂದು ವಾಚನಾಲಯಕ್ಕೆ ಜಾಗ ಕೊಟ್ಟಿದ್ದರು. ಅಲ್ಲಿ ನಾವು ನಾಲ್ಕೈದು ಹುಡುಗರು ಸೇರಿ ಕೈಬರಹದ ಪತ್ರಿಕೆ ನಡೆಸುತ್ತಿದ್ದೆವು. ಅಚ್ಚು ಹಾಕಿಸಲು ಯಾರಲ್ಲಿತ್ತು ಶಕ್ತಿ? ಒಂದೇ ಪ್ರತಿ. ನಾನು ಮಸಿಯಲ್ಲಿ ದುಂಡಗೆ ನಕಲು ಮಾಡುವುದು, ಅದು ಮನೆಗೆರಡು ದಿನದಂತೆ ಸುತ್ತುವುದು, ಓದಿದವರು ಹಿಂದುಗಡೆ ಬಿಟ್ಟಿರುವ ಖಾಲಿ ಹಾಳೆಗಳಲ್ಲಿ ಎರಡು ಮಾತು ಅಭಿಪ್ರಾಯ ಬರೆದು ಮುಂದಿನ ಮನೆಗೆ ಕಳಿಸುವುದು. ಪುರ ಮುಗಿದರೆ ಹಿರೀಸಾವೆ, ಚನ್ನರಾಯಪಟ್ಟಣ, ಸುತ್ತಲ ಹಳ್ಳಿ. ಬಸ್ಸಿನ ಡ್ರೈವರ ಕೈಯಲ್ಲಿ ಕೊಟ್ಟರೆ ತಲುಪುತ್ತಿತ್ತು.

ಆ ಮಳೆಗಾಲದ ಸಂಚಿಕೆ ಪೂರ್ತಿ ಒಂದೇ ಕಾದಂಬರಿ. ಬರೆದದ್ದು ಅಕ್ಕ.

ಜಡಿಮಳೆ ಹಿಡಿದರೆ ನಮ್ಮ ನಡುಮನೆಯಲ್ಲಿ ಹಾಡುಹಗಲೇ ಕತ್ತಲು. ಹರಳೆಣ್ಣೆ ದೀಪ ಮುಂದಿಟ್ಟುಕೊಂಡು, ಅಪ್ಪನ ಕಾಲದ ಹಳೇ ಕಾಗದದ ಬೆನ್ನಿನ ಮೇಲೆ ಅವಳು ಪೆನ್ಸಿಲಿನಲ್ಲಿ ಬರೆಯುವಳು. ಪಕ್ಕದಲ್ಲಿ ಕೂತು ನಾನು ನಕಲು ಮಾಡುವೆ. ಕತೆ ಇದು. ತಾಲ್ಲೂಕು ಕಚೇರಿಯ ಗುಮಾಸ್ತ ಶ್ಯಾಮಣ್ಣ ಪುರದ ಪಾಳು ಕೋಟೆಯ ಮೆಟ್ಟಿಲುಬಾವಿಗೆ ಬಿದ್ದ ಛತ್ರಿ ತೆಗೆಯಲು ಇಳಿಯುತ್ತಾನೆ, ಮುಳುಗಿ ಏಳುತ್ತಾನೆ. ಎದ್ದರೆ ಮುನ್ನೂರು ವರ್ಷದ ಹಿಂದಿನ ಪಾಳೇಗಾರರ ಕಾಲ! ಹಳೇಕೋಟೆಯ ಒಬ್ಬ ಗೌಡರ ಹಿತ್ತಲು. ಆ ಹಿತ್ತಲಲ್ಲಿ ಎರಡು ಬಾವಿ, ಮನುಷ್ಯರಿಗೊಂದು, ದನಗಳಿಗೊಂದು. ಇವನು ಎದ್ದದ್ದು ದನದ ಬಾವಿಯಲ್ಲಿ. ಮನೆಮಗಳು ಹೊನ್ನಾಜಿ ಕೊಡ ಹಿಡಿದು ನಿಂತಿದ್ದಾಳೆ. ಮೂರು ತಿಂಗಳು ಅಲ್ಲಿರುತ್ತಾನೆ, ಇಬ್ಬರಿಗೂ ಮನಸ್ಸು ಕೂಡುತ್ತದೆ, ಕೊನೆಗೆ ಅವಳೇ ಅವನ ಕೈಹಿಡಿದು ಬಾವಿಗಿಳಿದು ನಮ್ಮ ಕಾಲಕ್ಕೆ ಬರುತ್ತಾಳೆ. ಪುರದ ಜನ ಸುತ್ತುಗಟ್ಟಿ ಕೇಳುತ್ತಾರೆ, 'ಯಾರ ಮಗಳವ್ವ ನೀನು?' ಅವಳ ಕಡೆಯವರೆಲ್ಲ ಸತ್ತು ಮುನ್ನೂರು ವರ್ಷ. ಯಾರ ಹೆಸರು ಹೇಳಿಯಾಳು? ಒದ್ದೆ ಸೀರೆಯಲ್ಲಿ ಬಾವಿಕಟ್ಟೆಯ ಮೇಲೆ ನಿಂತೇ ಇರುತ್ತಾಳೆ. ಅಲ್ಲಿಗೆ ಮುಗಿಯಿತು.

ಎರಡು ಬಾವಿ ಯಾಕೆ ಅಂತ ಕೇಳಿದ್ದೆ. ಅಕ್ಕ ತಲೆ ಎತ್ತದೆ ಅಂದಳು, "ಹೆಣ್ಣು ಕೇಳಾಕೆ ಬಂದಿದ್ದ ಅಜ್ಜಿ ಯೋಳ್ತಲ್ಲೋ, ಆ ಮನೇಲಿ ಎರಡು ಬಾವಿ ಅವೆ, ನೀರಿಗೆ ತಾಪತ್ರಯವಿಲ್ಲ ಅಂತ. ನಾನು ಓಗೋ ಮನೆ ಎಂಗೈತೋ ಏನೋ. ಬರೀತಾ ಬರೀತಾ ಒಂದಪ ಓಡಾಡ್ಕಂಡು ಬಂದಂಗಾಯ್ತದೆ."

ಹೆಣ್ಣು ತಾನು ಸೇರುವ ಮನೆಯನ್ನು ಕಂಡಿರಲಿಲ್ಲ. ಕಾಣುವ ರೂಢಿ ಇರಲಿಲ್ಲ. ಅದಕ್ಕೇ ಅವಳು ಆ ಮನೆಯನ್ನು ಬರೆದು ನೋಡಿಕೊಂಡಳು. ಇಷ್ಟೇ ಕಣ್ರಪ್ಪ ಆ ಕಾದಂಬರಿಯ ಗುಟ್ಟು.

ಬರೆದವರ ಹೆಸರಿನ ಜಾಗದಲ್ಲಿ 'ಹೊಳೆದಂಡೆಯವನು' ಅಂತ ಹಾಕಿದೆವು. ಅಕ್ಷರ ನನ್ನದು, ಬರೆದವನೂ ನಾನೇ ಅಂತ ಪುರದವರು ತಾವೇ ತೀರ್ಮಾನಿಸಿದರು. ನಾನು ಅಲ್ಲವೆನ್ನಲಿಲ್ಲ. ಮೊದಲ ವಾರ ಹೊಗಳಿಕೆಯ ಸುರಿಮಳೆ. ಹೋಟೆಲಿನಲ್ಲಿ ಕರೆದು ಕಾಫಿ ಕೊಟ್ಟರು, "ಏನ್ ತಲೆ ಸಾ ನಿಮ್ದು" ಅಂದರು. ನಾನು ತಲೆ ತಗ್ಗಿಸಿ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮನುಷ್ಯ ಮುನ್ನೂರು ವರ್ಷ ಹಿಂದಕ್ಕೆ ಹೋಗುವುದುಂಟೇ ಎಂದು ಒಬ್ಬನೇ ಒಬ್ಬ ಕೇಳಲಿಲ್ಲ ನೋಡಿ. ಹರಿಕಥೆ ಕೇಳಿ ಬೆಳೆದ ಜನ. ದೇವಲೋಕಕ್ಕೆ ಹೋದ ರಾಜ ತಿರುಗಿ ಬರುವಷ್ಟರಲ್ಲಿ ಇಲ್ಲಿ ಯುಗ ಉರುಳಿರುತ್ತದೆ, ಅದೇನು ಮಹಾ. ಅವರ ತಕರಾರೇ ಬೇರೆ. ತಾಲ್ಲೂಕು ಕಚೇರಿಯ ಶಿರಸ್ತೇದಾರರು ಕೆಂಪು ಮಸಿಯಲ್ಲಿ ಬರೆದರು: 'ರಜಾ ಚೀಟಿ ಇಲ್ಲದೆ ಮೂರು ತಿಂಗಳು ಗೈರುಹಾಜರಾದ ಗುಮಾಸ್ತನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿರುವುದು ನಿಯಮಕ್ಕೆ ವಿರುದ್ಧ.' ಚನ್ನಬಸಪ್ಪನವರು, ಪಾಪ ಒಳ್ಳೆಯವರು, ಆದರೂ ಬರೆದರು: 'ಶ್ಯಾಮಣ್ಣ ಯಾವ ಜನ ಎಂದು ತಿಳಿಸಿಲ್ಲ. ಬಾವಿಯಿಂದ ಎದ್ದವನೇ ಗೌಡರ ಪಂಕ್ತಿಯಲ್ಲಿ ಉಂಡದ್ದು ಸರಿಯಲ್ಲ.'

ಆಮೇಲೆ ಹೊಲಸು ಶುರುವಾಯಿತು. ಕತೆಯಲ್ಲಿ ಒಂದು ಕಡೆ ಹೊನ್ನಾಜಿಯ ಹಿಮ್ಮಡಿಗೆ ಕಾರೆಮುಳ್ಳು ಹೊಕ್ಕು ಮುರಿಯುತ್ತದೆ. ಶ್ಯಾಮಣ್ಣ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಾನೆ. ಅಷ್ಟೇ. ಅದಕ್ಕೆ 'ಥೂ' ಎಂದು ಒಬ್ಬ, 'ನಾಚಿಕೆಗೇಡು' ಎಂದು ಇನ್ನೊಬ್ಬ, 'ಬರೆದವನಿಗೆ ಎಕ್ಕಡ' ಎಂದು ಮತ್ತೊಬ್ಬ. ಬರೆಯಬಾರದ್ದನ್ನೂ ಬರೆದರು, ಹೆಸರು ಹಾಕದೆ. ಹಿರೀಸಾವೆಯ ಹೋಟೆಲಿನ ಯಜಮಾನ ಕಾಫಿ ಲೋಟದ ಕಲೆಯ ಪಕ್ಕದಲ್ಲೇ ಬರೆದ: 'ಎಲ್ಲರೆದುರು ಓದಿಸಿದೆವು. ಬಹಳ ಕೆಟ್ಟ ಪುಸ್ತಕ. ಎರಡು ದಿನ ಸಾಲದೆ ಇನ್ನೆರಡು ದಿನ ಇಟ್ಟುಕೊಂಡೆವು.' ಚನ್ನರಾಯಪಟ್ಟಣದ ಒಬ್ಬ ಮೇಷ್ಟರು: 'ಹೆಣ್ಣುಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳತಕ್ಕದ್ದು.' ನೋಟುಬುಕ್ಕು ತಿರುಗಿ ಬಂದಾಗ ಬಿಡಿಸಿ ನೋಡಿದೆ. ಉಳಿದ ಪುಟಗಳೆಲ್ಲ ಚೊಕ್ಕಟವಾಗಿದ್ದವು. ಆ ಮುಳ್ಳು ತೆಗೆಯುವ ಪುಟದ ಮೂಲೆ ಮಾತ್ರ ಬೆರಳಿನ ಕೊಳೆಗೆ ಕಪ್ಪಗಾಗಿ, ಹರಳೆಣ್ಣೆ ಕುಡಿದು ಅಂಟಂಟಾಗಿತ್ತು. ಥೂ ಎಂದು ಉಗಿದವರೆಲ್ಲ ದೀಪ ಹತ್ತಿರಕ್ಕೆಳೆದುಕೊಂಡು ಅದನ್ನೇ ಓದಿದ್ದರು. ಆ ಪುಟದ ವಾಸನೆಗೆ ನನಗೆ ಅವತ್ತು ವಾಂತಿ ಬಂತು.

ಅಕ್ಕ ಮಾತ್ರ ಒಂದನ್ನೂ ಬಿಡದೆ ಓದಿದಳು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಹಳೇಕೋಟೆಯ ಸ್ಕೂಲಿನ ಜಗಲಿಯಲ್ಲಿ ಓದಿಸಿದಮೇಲೆ ಯಾರೋ ಪೆನ್ಸಿಲಿನಲ್ಲಿ, ಉಳುವವನ ಕೈಯ ದಪ್ಪ ಅಕ್ಷರದಲ್ಲಿ ಬರೆದದ್ದು. ಹೆಸರಿಲ್ಲ. 'ಹೊನ್ನಾಜಿ ಮ್ಯಾಲೆ ಬಂದ ಮೇಲೆ ಏನು ಉಂಡಳು ಬರೆದಿಲ್ಲ. ಬರೆಯಬೇಕಾಗಿತ್ತು.'

"ಇವ್ನೊಬ್ಬ ಓದವ್ನೆ ಕಣೋ ರಂಗ," ಅಂದಳು ಅಕ್ಕ.

ಎರಡು ದಿನ ಕಳೆದು ಹಳೇಕೋಟೆಯಿಂದ ಆಳು ಬಂದ. ಮರೀಗೌಡರು ಕರೀತಾರೆ, ಪುಸ್ತಕ ತಗೊಂಡು ಬರಬೇಕಂತೆ. ವಿಷಯ ಅವನ ಬಾಯಿಂದಲೇ ತಿಳಿಯಿತು. ಹಳೇಕೋಟೆಯಲ್ಲಿ ಎರಡು ಬಾವಿಯ ಹಿತ್ತಲಿರುವುದು ಒಂದೇ ಮನೆ. ಹಾಗಾದರೆ ಹೊನ್ನಾಜಿ ಆ ಮನೆಯ ಹೆಣ್ಣು. ಮರೀಗೌಡರಿಗೆ ಏಳೋ ಎಂಟೋ ತಲೆಮಾರಿನ ಹಿಂದಿನ ಅಜ್ಜಿ. ಅವಳನ್ನು ಒಬ್ಬ ಗುಮಾಸ್ತನ ಜೊತೆ ಓಡಿಸಿದ್ದಾನೆ ಹುಡುಗ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನಗಲು ಹೋದೆ. ಅಕ್ಕ ನಗಲಿಲ್ಲ.

"ಎಲ್ಲ ನೀನೇ ಬರ್ದಿದ್ದು ಅಂತ ತಿಳ್ಕಂಡವ್ರೆ. ಅಂಗೇ ಇರ್ಲಿ. ತಪ್ಪಾಯ್ತು ಅಂತ ಒಂದಪ ಕಾಲಿಗೆ ಬಿದ್ದ್ಬುಡು, ನನ್ನಪ್ಪ. ನಂಗೋಸ್ಕರ," ಅಂದಳು. ಅವ್ವನಿಗೆ ಕೇಳಿಸದ ಹಾಗೆ ಅಂದಳು.

ಆಗಲಿ ಅಂದೆ. ಹೊಸ ಷರ್ಟು ಹಾಕಿಕೊಂಡು ಹೊರಟೆ. ಕಚೇರಿ ಕೆಲಸಕ್ಕೆ ಅರ್ಜಿ ಹಾಕಲೆಂದು ಅಕ್ಕನೇ ಹೊಲಿಸಿದ್ದ ಬಿಳೀ ಷರ್ಟು.

ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬಸ್ಸಿಳಿದು ಮೊಣಕಾಲುದ್ದ ಕೆಸರಲ್ಲಿ ನಡೆದೆ. ಮರೀಗೌಡರ ಮನೆಯ ಜಗಲಿಯ ಮೇಲೆ ಏಳೆಂಟು ಜನ. ಕಂಬಕ್ಕೆ ಒರಗಿ ಒಬ್ಬ ಎತ್ತರದ ಹುಡುಗ, ಅವನೇ ನಂಜೇಗೌಡ. ಅಂಗಳದಲ್ಲಿ ಸಿಂಗರಿಸಿದ ಎತ್ತು ಕಟ್ಟಿತ್ತು: ಹೆಳವನನ್ನು ಕರೆಸಿದ್ದರು. ಹೆಳವರೆಂದರೆ ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆಗಳ ವಂಶಾವಳಿ ಹೇಳುವವರು. ಯಾರಿಗೆ ಯಾರು ಹುಟ್ಟಿದರು ಎಂಬುದೆಲ್ಲ ಅವರ ಬಾಯಲ್ಲಿರುತ್ತದೆ, ಕೊಟ್ಟ ದವಸಕ್ಕೆ ತಕ್ಕಂತೆ.

"ಬಾರಪ್ಪ ಕವಿರಾಯ," ಅಂದರು ಮರೀಗೌಡರು. "ನಮ್ಮಜ್ಜಿ ಇಚಾರ ನಿಂಗೆ ಯಾರ್ಲಾ ಯೋಳ್ದೋರು?"

"ಅದು ಬರೀ ಕತೆ ಗೌಡ್ರೇ. ಯಾರ ಅಜ್ಜೀನೂ ಅಲ್ಲ."

"ಕತೆ ಅಂತೆ ಕತೆ! ಬೆಂಕಿ ಇಲ್ದೆ ಒಗೆ ಆಡ್ತದೇನ್ಲಾ? ಲೋ ಎಳವ, ಯೋಳ್ಲಾ ನೀನು."

ಹೆಳವ ಕಣ್ಣು ಮುಚ್ಚಿ, ಬೆರಳು ಮಡಿಚಿ, ಏಳು ತಲೆಮಾರು ಇಳಿದ. "ಒಬ್ಳು ಎಣ್ಮಗ್ಳು ಅವ್ಳೆ ಬುದ್ಧೀ. ನೀರಿಗೆ ಓದೋಳು ತಿರ್ಗಿ ಬರ್ನಿಲ್ಲ. ಅಂತೋರ ಎಸ್ರು ಮಾತ್ರ ನಾವು ಯೋಳಂಗಿಲ್ಲ, ಕಟ್ಟುಪಾಡು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ! ನಮ್ಮ ನಡುಮನೆಯಲ್ಲಿ ನನ್ನ ಕಣ್ಣೆದುರಿಗೆ ಹುಟ್ಟಿದ ಹೊನ್ನಾಜಿ, ಎರಡೇ ತಿಂಗಳಲ್ಲಿ ಹಳೇಕೋಟೆಯ ವಂಶಾವಳಿ ಸೇರಿಬಿಟ್ಟಳು. ಜಗಲಿಯ ಮೇಲಿನವರು ಲೊಚಗುಟ್ಟಿದರು. ಮರೀಗೌಡರ ಮುಖ ಕೆಂಪಾಯಿತು, ಆದರೂ ಮಾತು ಇಳಿಸಿದರು. ಅವರು ಕೆಟ್ಟವರಲ್ಲ; ಮರ್ಯಾದೆಗೆ ಹೆದರುವವರು.

"ಓಗ್ಲಿ, ನೀನು ಗಂಡುಡುಗ. ಏನೋ ಉಡುಗ್ಬುದ್ಧಿ. ತಪ್ಪಾಯ್ತು ಅಂತ ಅಡ್ಡಬೀಳು. ಪುಸ್ತಕ ನೀರೊಲೆಗಾಕಾನ. ಮದ್ವೆ ಮಾತು ಮಾತೇ."

ಇಷ್ಟೇ. ಬಗ್ಗಿದ್ದರೆ ಮುಗಿದಿತ್ತು. ಬಗ್ಗಲು ಹೊರಟಿದ್ದೆ ಕೂಡ. ಅಷ್ಟರಲ್ಲಿ ನಂಜೇಗೌಡನ ಚಿಕ್ಕಪ್ಪ, ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡಿದ್ದವನು, ಎದ್ದು ಬಂದು ನನ್ನ ಎದೆಯ ಮೇಲೆ ಪಿಚಕ್ಕನೆ ಉಗಿದ. ಹೊಸ ಷರ್ಟಿನ ಮೇಲೆ ಕೆಂಪು ರಸ ಹೊಟ್ಟೆಯವರೆಗೂ ಇಳಿಯಿತು. ಎಲ್ಲರೂ ನಕ್ಕರು. ನನ್ನ ಬಾಯಿಂದ ಹಾರಿಬಿಟ್ಟಿತು.

"ನನ್ಯಾಕೆ ಉಗೀತೀರಿ? ನಾನು ನಕಲು ಮಾಡ್ದೋನು ಅಷ್ಟೇ. ಬರ್ದೋಳು ನಮ್ಮಕ್ಕ!"

ನಗು ನಿಂತಿತು. ಎತ್ತಿನ ಕೊರಳ ಗೆಜ್ಜೆ ಮಾತ್ರ ಅಲ್ಲಾಡುತ್ತಿತ್ತು. ಮರೀಗೌಡರು ಮೆಲ್ಲಗೆ, ಬೈಗುಳಕ್ಕಿಂತ ಕಡೆಯಾಗಿ ಹೇಳಿದರು: "ಮನೆಗೆ ಬರಾಕೆ ಮುಂಚೇನೇ ನಮ್ಮನೆ ಬಾವಿ ಇಳ್ದು ನೋಡ್ದೋಳ್ನ ಈ ಒಸ್ಲು ದಾಟ್ಸಾಕಿಲ್ಲ. ಓಗು." ನಾನು ನಂಜೇಗೌಡನ ಕಡೆ ನೋಡಿದೆ. ಅವನು ತನ್ನ ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ನೋಟುಬುಕ್ಕನ್ನು ಹಿತ್ತಲಿಗೆ ಒಯ್ದು, ನನ್ನ ಎದುರಿಗೇ ಬಚ್ಚಲ ಒಲೆಗೆ ತುರುಕಿದರು. ಹರಳೆಣ್ಣೆ ಕುಡಿದ ಕಾಗದ ಭಗ್ಗನೆ ಹತ್ತಿಕೊಂಡಿತು.

ಹೊಗಳಿದಾಗ ನಾನು, ಉಗಿದಾಗ ಅಕ್ಕ. ಹಿಂದಿನ ಹಾಳೆಗಳಲ್ಲಿ ಕಕ್ಕಿದವರನ್ನೆಲ್ಲ ಇಷ್ಟು ಹೊತ್ತು ಬೈದೆನಲ್ಲ, ಅವರಿಗಿಂತ ಕಡೆ ನಾನು. ಅವರು ಬರೀ ಕಾಗದ ಹೊಲಸು ಮಾಡಿದರು. ನಾನು ಒಂದು ಷರ್ಟಿಗೋಸ್ಕರ ಅವಳ ಬದುಕನ್ನೇ ಕೊಟ್ಟು ಬಂದೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಷರ್ಟು ನೋಡಿದಳು, ಮುಖ ನೋಡಿದಳು, ತಿಳಿದುಕೊಂಡಳು. ಬಿಚ್ಚಿಸಿ ನೀರಲ್ಲಿ ನೆನೆಹಾಕಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಬಾವಿ ನೋಡ್ದೇನೋ? ಎರಡು ಅವ್ಯಾ?"

"ಒಂದೇ. ಎರಡು ಅನ್ನೋದು ಬರೀ ಬಾಯ್ಮಾತು. ದನದ ಬಾವಿ ಮುಚ್ಚಾಕವ್ರೆ, ಯಾವ ಕಾಲದಲ್ಲೋ. ಕಟ್ಟೆ ಮಾತ್ರ ಐತೆ."

"ಅಂಗಾರೆ ಅವ್ಳು ವಾಪಸ್ ಓಗಾಕೂ ದಾರಿ ಇಲ್ಲ," ಅಂದಳು, ಷರ್ಟು ಉಜ್ಜುತ್ತಾ. ಕಲೆ ಹೋಗಲಿಲ್ಲ.

ಆ ಹಿರಿಯರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ. 'ಕತೆ ಬರೆಯುವ ಹೆಣ್ಣು' ಎಂದು ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಅವ್ವ ಅದೇ ಕೊರಗಲ್ಲಿ ಹೋದಳು. ಅಕ್ಕ ಹಾಸನದಲ್ಲಿ ಓದಿ ಮೇಡಮ್ಮ ಆಗಿ ಅರಕಲಗೂಡಿಗೆ ಹೋದವಳು ಕೊನೆಯವರೆಗೂ ಅಲ್ಲೇ, ಒಬ್ಬಳೇ ಇದ್ದಳು. ಹಾಜರಿ ಪುಸ್ತಕ ಬಿಟ್ಟು ಬೇರೇನೂ ಬರೆಯಲಿಲ್ಲ. ನಾನು ಹೋದರೆ ಊಟಕ್ಕಿಡುತ್ತಿದ್ದಳು, ಮಾತಾಡುತ್ತಿದ್ದಳು, ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವಳು ತೀರಿಕೊಂಡು ಮೂರು ವರ್ಷವಾಯಿತು. ನಮ್ಮ ಮನೆಯಲ್ಲಿ ಎಡೆ ಇಡುತ್ತೇನೆ. ನನ್ನ ಕೈಯ ಎಡೆಗೆ ಅವಳು ಬರುತ್ತಾಳೆಂಬ ಧೈರ್ಯ ನನಗಿಲ್ಲ.

ಇರಲಿ, ಹೋದ ಮಾರ್ನಮಿಯ ಮಾತಿಗೆ ಬರುತ್ತೇನೆ. ಹಳೇಕೋಟೆಯ ಆ ನಡುಮನೆ ಅದೇ ಮರೀಗೌಡರ ಮನೆ. ಗೋಡೆಗೆ ಒರಗಿಸಿದ ಪಂಚೆ, ಟವಲು, ಸೀರೆಗಳು, ಅವುಗಳ ಮುಂದೆ ಬಾಳೆಲೆ, ಹಿರಿಯರಿಗೊಂದೊಂದು. ಕೊನೆಯ ಎಲೆಯ ಮುಂದೆ ಹೊಸ ಸೀರೆ, ಬಳೆ, ಬಾಚಣಿಗೆ ಇತ್ತು. ಯಾರದೆಂದು ಕೇಳಿದೆ.

"ನೀರಿಗೋದಮ್ಮಂದು," ಅಂದಳು ಮನೆಯ ಸೊಸೆ. "ನಮ್ಮನೆ ಇರೀಕಳು. ಎಳವ ಯೋಳಿದ್ನಂತೆ. ವರ್ಸಾ ವರ್ಸಾ ಇವ್ಳಿಗೊಂದು ಸೀರೆ ಇಡ್ದಿದ್ರೆ ಮನೇಗೆ ಒಳ್ಳೇದಾಗಾಕಿಲ್ಲ ಅಂತ ಮಾವ ನಿಲ್ಸಾಕೇ ಬುಡಲ್ಲ."

ನೀರೊಲೆಯಲ್ಲಿ ಸುಟ್ಟ ಹೊನ್ನಾಜಿಗೆ ಐವತ್ತು ಚಿಲ್ಲರೆ ವರ್ಷದಿಂದ ಸೀರೆ! ಅವಳನ್ನು ಹೆತ್ತವಳಿಗೆ ಹೊಸಿಲಿಲ್ಲ. ಎದ್ದು ಹೋಗಿಬಿಡೋಣ, ಇವರ ಅನ್ನವೂ ಬೇಡ ನೀರೂ ಬೇಡ ಅಂದುಕೊಂಡೆ. ಅಷ್ಟರಲ್ಲಿ ಕೋಲೂರಿಕೊಂಡು ನಂಜೇಗೌಡ ಬಂದ. ಎಂಬತ್ತರ ಮುದುಕ. ಎಲೆಗಳ ಮುಂದೆ ಧೂಪ ಹಾಕುತ್ತಾ, ಒಬ್ಬೊಬ್ಬ ಹಿರಿಯರನ್ನೂ ಹೆಸರು ಹಿಡಿದು ಊಟಕ್ಕೆ ಕರೆದ. ಕೊನೆಯ ಎಲೆಯ ಹತ್ತಿರ ಬಂದು ಬಾಗಿ, ಅದಕ್ಕೆ ಇನ್ನೊಂದು ಮುದ್ದೆ, ಇನ್ನಷ್ಟು ಸಾರು ಬಡಿಸಿದ.

"ಇವ್ಳಿಗ್ಯಾಕೆ ಮಾವ ಎಚ್ಚಿಗೆ?" ಅಂದಳು ಸೊಸೆ.

"ಮ್ಯಾಕ್ ಬಂದ್ಮೇಲೆ ಏನುಂಡ್ಲು ಅಂತ ಬರ್ದಿರ್ನಿಲ್ಲ ಕಣವ್ವ," ಅಂದ.

ಆ ದಪ್ಪ ಪೆನ್ಸಿಲ್ ಅಕ್ಷರ ನನ್ನ ಕಣ್ಣ ಮುಂದೆ ಬಂತು. ಇವನೇ! ಓದಿದವನು ಇವನೊಬ್ಬನೇ, ಓದಿಯೂ ಕಂಬಕ್ಕೆ ಒರಗಿ ಬಾಯಿ ಮುಚ್ಚಿಕೊಂಡು ನಿಂತಿದ್ದವನು. ಅವನನ್ನು ನೋಡಿದರೆ ನನಗೆ ಅಸಹ್ಯವಾಯಿತು. ಅವನಲ್ಲಿ ನನ್ನ ಮುಖವೇ ಕಂಡಿತು.

"ಎಸ್ರೇ ಇಲ್ದೆ ಎಂಗೆ ಕರೆಯೋದು, ಪ್ರತಿ ವರ್ಸಾನೂ ಸುಮ್ಕೆ ಕೈ ಮುಗೀತೀರಿ," ಅಂದಳು ಸೊಸೆ.

ಮುದುಕ ನನ್ನ ಕಡೆ ತಿರುಗಿದ. ಗುರುತು ಮೊದಲೇ ಹಿಡಿದಿದ್ದ ಅಂತ ಕಾಣುತ್ತದೆ. "ನೀನೇ ಯೋಳು ರಂಗಣ್ಣ. ನಕಲು ಮಾಡ್ದೋನು ನೀನಲ್ವಾ?"

ಹೊನ್ನಾಜಿ ಎಂಬ ಹೆಸರು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಜಯಮ್ಮ," ಅಂದೆ.

ಧೂಪದ ಕೈ ನಿಂತಿತು. ಕೆಂಡದ ಮೇಲೆ ಸಾಂಬ್ರಾಣಿ ಸುಟ್ಟು ಕರಕಾಗುವವರೆಗೂ ಅವನು ಅಲ್ಲಾಡಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಹೊರಗಿನ ಬೀದಿಗೂ ಕೇಳುವಂತೆ ಮೂರು ಸಲ ಕರೆದ. "ಜಯಮ್ಮಾ, ಒಳೀಕ್ ಬಾರವ್ವಾ. ಜಯಮ್ಮಾ, ಉಣ್ಣು ಬಾರವ್ವಾ. ಜಯಮ್ಮಾ..."

ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ಒಳಗಿರಬಾರದು. ಎಲ್ಲರೂ ಹೊರಗೆ ಬಂದೆವು. ನಂಜೇಗೌಡ ಬಾಗಿಲು ಎಳೆದು ಚಿಲಕ ಹಾಕಿದ. ಅಕ್ಕ ಉಂಡು ಮುಗಿಸುವವರೆಗೂ ನಾವಿಬ್ಬರು ಗಂಡಸರು ಆ ಹೊಸಿಲಿನ ಈಚೆಗೆ, ಜಗಲಿಯ ಮೇಲೆ ಕಾದುಕೊಂಡು ಕೂತಿದ್ದೆವು.